ಹತ್ತಾರು ಸಿಂಥಸೈಜರ್‌ಗಳಿರುವ ಮನೆ ಸ್ಟುಡಿಯೊಗೆ ಮಿಕ್ಸರ್ ಆರಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಸುತ್ತಮುತ್ತ ಮನೆಯಲ್ಲೇ ಸ್ಟುಡಿಯೊ ಮಾಡಿಕೊಂಡ ಗೆಳೆಯರು ಆಸೆಯಿಂದ ಮಿಕ್ಸರ್, ಅಂದರೆ ಹಲವು ವಾದ್ಯಗಳ ದನಿಯನ್ನು ಒಂದುಗೂಡಿಸುವ ಯಂತ್ರ, ಕೊಂಡು, ಒಂದು ಮಳೆಗಾಲ ಕಳೆಯುವುದರೊಳಗೆ ಅರ್ಧ ಬೆಲೆಗೆ ಮಾರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವರು ಮಾರಿದ ಮಿಕ್ಸರ್‌ಗಳಲ್ಲಿ ಹೆಚ್ಚಿನವು ಒಳ್ಳೆಯವೇ ಆಗಿದ್ದವು, ಆದರೆ ಅವರ ಕೆಲಸಕ್ಕೆ ಒದಗುತ್ತಿರಲಿಲ್ಲ. ಪ್ರತಿ ಸಲವೂ ಎಡವುವುದು ಒಂದೇ ಜಾಗದಲ್ಲಿ. ಮನೆಯಲ್ಲಿರುವ ವಾದ್ಯಗಳಿಂದ ಎಷ್ಟು ತಂತಿಗಳು ಹೊರಡುತ್ತವೆ, ಅವುಗಳಲ್ಲಿ ಯಾವುದನ್ನು ಪ್ರತ್ಯೇಕವಾಗಿ ರೆಕಾರ್ಡ್ ಮಾಡಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳುವ ಮೊದಲೇ ಬೆಲೆ ಮತ್ತು ಬ್ರ್ಯಾಂಡ್ ನೋಡಿ ಹಣ ಕೊಟ್ಟುಬಿಡುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಎರಡು ಹಂತ ಮುಗಿಯುವವರೆಗೆ ಅಂಗಡಿಯ ಪುಟವನ್ನು ತೆರೆಯದಿರುವುದು ಒಳ್ಳೆಯದು.

ಕೈಯಲ್ಲಿ ಇರಬೇಕಾದ ವಸ್ತುಗಳು ಹೆಚ್ಚೇನಿಲ್ಲ: ಒಂದು ನೋಟ್‌ಬುಕ್, ಅಳತೆ ಟೇಪು, ಸಾಧಾರಣ ಮಲ್ಟಿಮೀಟರ್, ಸರಿಯಾಗಿದೆಯೆಂದು ಖಚಿತವಾಗಿರುವ ಒಂದು ಕೇಬಲ್, ಹೆಡ್‌ಫೋನ್ ಮತ್ತು ಹೆಸರು ಬರೆದು ಅಂಟಿಸಲು ಬಿಳಿ ಟೇಪು.

ಹಂತ 1: ವಾದ್ಯಗಳನ್ನಲ್ಲ, ಔಟ್‌ಪುಟ್‌ಗಳನ್ನು ಎಣಿಸಿ

‘ನನ್ನ ಹತ್ತಿರ ಒಂಬತ್ತು ಸಿಂಥ್ ಇವೆ, ಹನ್ನೆರಡು ಚಾನೆಲ್ ಸಾಕಲ್ಲವೇ?’ ಎಂದು ಕೇಳುವವರು ಬಹಳ ಮಂದಿ. (ಚಾನೆಲ್ ಎಂದರೆ ಮಿಕ್ಸರಿನಲ್ಲಿ ಒಂದು ದನಿ ಒಳಬರುವ ದಾರಿ.) ಸಾಕಾಗುವುದಿಲ್ಲ. ಪ್ರತಿ ವಾದ್ಯವನ್ನೂ ತಿರುಗಿಸಿ ಹಿಂಬದಿಯ ಜ್ಯಾಕ್‌ಗಳನ್ನು ನೋಡಿ ಬರೆದುಕೊಂಡರೆ ಮಾತ್ರ ನಿಜವಾದ ಲೆಕ್ಕ ಸಿಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೊರ್ಗ್ ಮಿನಿಲಾಗ್, ಆರ್ಟುರಿಯಾ ಮೈಕ್ರೋಫ್ರೀಕ್, ಎಂಎಸ್-20 ಮಿನಿ, ವೋಲ್ಕಾ ಕೀಸ್, ವೋಲ್ಕಾ ಬಾಸ್ ಈ ಐದೂ ಮೋನೊ, ಅಂದರೆ ಒಂದೇ ತಂತಿಯಲ್ಲಿ ಹೊರಬರುವ ದನಿಯ ವಾದ್ಯಗಳಾದ್ದರಿಂದ 5 ಇನ್‌ಪುಟ್ ಸಾಕು. ಮಿನಿಲಾಗ್ ಎಕ್ಸ್‌ಡಿ, ರೋಲ್ಯಾಂಡ್ ಜೂನೋ-ಡಿಎಸ್, ಎಲೆಕ್ಟ್ರಾನ್ ಡಿಜಿಟಾಕ್ಟ್ ಇವು ಸ್ಟೀರಿಯೊ, ಎಡಕ್ಕೊಂದು ಬಲಕ್ಕೊಂದು ತಂತಿ ಬೇಡುವವು, ಅಂದರೆ 6 ಇನ್‌ಪುಟ್. ರೋಲ್ಯಾಂಡ್ ಟಿಆರ್-8ಎಸ್‌ಗೆ ಮುಖ್ಯ ಜೋಡಿಯ ಜೊತೆಗೆ ಬೇಕಾದ ಡ್ರಮ್ಮನ್ನು ಬೇರೆಯಾಗಿ ಹೊರಗೆ ಕಳಿಸುವ 6 ಔಟ್‌ಪುಟ್‌ಗಳಿವೆ. ಎಲ್ಲವನ್ನೂ ಬಳಸಿದರೆ 8. ಇಷ್ಟಕ್ಕೇ 19 ಆಯಿತು. ಹೊರಗಿನ ರಿವರ್ಬ್ (ಅನುರಣನ) ಮತ್ತು ಡಿಲೇ (ಪ್ರತಿಧ್ವನಿ) ಪೆಟ್ಟಿಗೆಗಳಿಂದ ದನಿ ಮರಳಿ ಬರುವುದಕ್ಕೆ ಎರಡೆರಡರಂತೆ 4, ಹಾಡಲು ಅಥವಾ ಕೊಳಲು ರೆಕಾರ್ಡ್ ಮಾಡಲು ಒಂದು ಮೈಕ್. ಒಂಬತ್ತು ವಾದ್ಯಗಳ ಕೋಣೆಗೆ 24 ಇನ್‌ಪುಟ್ ಬೇಕಾಯಿತು. ಮುಂದೆ ಬರುವ ವಾದ್ಯಗಳಿಗೆಂದು ಕಾಲುಭಾಗ ಸೇರಿಸಿದರೆ 30.

ಈ ಸಂಖ್ಯೆ ಕಂಡು ಗಾಬರಿಯಾಗಬೇಕಿಲ್ಲ, ಏಕೆಂದರೆ ಇದನ್ನು ಇಳಿಸುವ ಅವಕಾಶವೂ ಇದೇ ಹಂತದಲ್ಲಿದೆ. ಪ್ರತಿ ಸ್ಟೀರಿಯೊ ವಾದ್ಯದ ಮುಂದೆ ಕುಳಿತು, ನೀವು ನಿಜವಾಗಿ ಬಳಸುವ ದನಿಗಳನ್ನು ಎರಡೂ ತಂತಿ ಹಾಕಿ ಒಮ್ಮೆ, ಎಡಗಡೆಯ ‘ಮೋನೊ’ ಎಂದು ಬರೆದ ಜ್ಯಾಕ್‌ಗೆ ಮಾತ್ರ ಹಾಕಿ ಇನ್ನೊಮ್ಮೆ ಕೇಳಿ. ಬಾಸ್ ದನಿಗಳಿಗೆ ಸ್ಟೀರಿಯೊ ಬೇಕಾಗುವುದೇ ಇಲ್ಲ. ಜೂನೋ-106ರಂಥ ವಾದ್ಯದಲ್ಲಿ ಮಾತ್ರ ಕೋರಸ್ಸೇ, ಅಂದರೆ ದನಿಯನ್ನು ದಪ್ಪವಾಗಿಸುವ ಪರಿಣಾಮವೇ, ಅದರ ಜೀವ, ಆ ಕೋರಸ್ ಹರಡಿಕೊಳ್ಳುವುದು ಎರಡು ಔಟ್‌ಪುಟ್‌ಗಳಲ್ಲಿ. ಅದನ್ನು ಮೋನೊಗೆ ಇಳಿಸಿದರೆ ಕೊಂಡದ್ದಕ್ಕೆ ಅರ್ಥವಿಲ್ಲ. 1983ರ ಯಮಾಹಾ ಡಿಎಕ್ಸ್7ಗೆ ಇರುವುದೇ ಒಂದು ಮೋನೊ ಔಟ್‌ಪುಟ್ ಆದ್ದರಿಂದ ಅಲ್ಲಿ ಈ ಯೋಚನೆಯೇ ಬೇಡ. ಡ್ರಮ್ ಯಂತ್ರದ ಎಂಟು ಔಟ್‌ಪುಟ್‌ಗಳಲ್ಲಿ ಕಿಕ್ ಒಂದನ್ನು ಬೇರೆಯಾಗಿ ತೆಗೆದು ಉಳಿದುದನ್ನು ಮುಖ್ಯ ಜೋಡಿಯಲ್ಲೇ ಬಿಟ್ಟರೆ ಹೆಚ್ಚಿನವರಿಗೆ ಸಾಕಾಗುತ್ತದೆ. ಹಾಗೆ ಮಾಡಿದರೆ ಮೇಲಿನ 24 ಎಂಬುದು 19ಕ್ಕೆ ಇಳಿಯುತ್ತದೆ.

ಹಂತ 2: ಏನನ್ನು ಬೇರೆಬೇರೆಯಾಗಿ ರೆಕಾರ್ಡ್ ಮಾಡುತ್ತೀರಿ ಎಂದು ತೀರ್ಮಾನಿಸಿ

ಇಲ್ಲಿ ದಾರಿ ಮೂರಾಗಿ ಕವಲೊಡೆಯುತ್ತದೆ, ಮತ್ತು ಪ್ರತಿ ದಾರಿಗೂ ಬೇರೆ ಉಪಕರಣ ಬೇಕು.

ಎಲ್ಲ ವಾದ್ಯಗಳನ್ನೂ ಒಟ್ಟಿಗೆ ನುಡಿಸಿ, ಅದು ಕೇಳಿಸಿದ ಹಾಗೆಯೇ ಎಡ-ಬಲ ಎರಡು ಟ್ರ್ಯಾಕ್‌ಗಳಲ್ಲಿ ಹಿಡಿದಿಡುವವರಿಗೆ ಲೈನ್ ಮಿಕ್ಸರ್ (ಮೈಕ್‌ಗಲ್ಲ, ವಾದ್ಯಗಳ ತಂತಿಗೆಂದೇ ಇರುವುದು) ಮತ್ತು ಎರಡು ಇನ್‌ಪುಟ್‌ನ ಚಿಕ್ಕ ಆಡಿಯೊ ಇಂಟರ್‌ಫೇಸ್ (ದನಿಯನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಸಾಕು. ಬೆರಿಂಜರ್ ಆರ್‌ಎಕ್ಸ್1602ರಂಥದ್ದು ರ‍್ಯಾಕ್‌ನ ಒಂದೇ ಅಂತಸ್ತಿನಲ್ಲಿ 8 ಸ್ಟೀರಿಯೊ ಚಾನೆಲ್, ಅಂದರೆ 16 ಇನ್‌ಪುಟ್ ಕೊಡುತ್ತದೆ. ಅದರಲ್ಲಿ ಈಕ್ಯೂ, ಅಂದರೆ ದನಿಯ ತಗ್ಗು-ಎತ್ತರಗಳನ್ನು ಹೊಂದಿಸುವ ತಿರುಪು, ಇಲ್ಲ. ಸಿಂಥ್‌ನಲ್ಲೇ ಫಿಲ್ಟರ್ ಇರುವಾಗ ಅದು ದೊಡ್ಡ ಕೊರತೆಯಲ್ಲ ಎಂಬುದು ನನ್ನ ಅನುಭವ.

ಒಂದೊಂದೇ ವಾದ್ಯವನ್ನು ಕಂಪ್ಯೂಟರಿಗೆ ತುಂಬಿಕೊಂಡು ಆಮೇಲೆ ಅಲ್ಲಿಯೇ ಮಿಕ್ಸ್ ಮಾಡುವವರಿಗೆ ಮಿಕ್ಸರ್ ಬೇಕಾಗಿಯೇ ಇಲ್ಲ, ಹೆಚ್ಚು ಇನ್‌ಪುಟ್‌ಗಳಿರುವ ಇಂಟರ್‌ಫೇಸ್ ಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್ 18ಐ20ಯಲ್ಲಿ 8 ಅನಲಾಗ್ ಇನ್‌ಪುಟ್‌ಗಳಿವೆ. ಬೆರಿಂಜರ್ ಎಡಿಎ8200ರಂಥ ಪೆಟ್ಟಿಗೆಯನ್ನು ಎಡಾಟ್ ಎಂಬ, ಬೆಳಕಿನ ಮೂಲಕ ದನಿ ಸಾಗಿಸುವ ಆಪ್ಟಿಕಲ್ ತಂತಿಯಿಂದ ಅದಕ್ಕೆ ಜೋಡಿಸಿದರೆ ಇನ್ನೂ 8 ಸಿಗುತ್ತವೆ. ಒಂದು ಆಪ್ಟಿಕಲ್ ತಂತಿ 44.1 ಮತ್ತು 48 ಕಿಲೋಹರ್ಟ್ಸ್ ಸ್ಯಾಂಪಲ್ ದರದಲ್ಲಿ ಮಾತ್ರ 8 ಚಾನೆಲ್ ಹೊರುತ್ತದೆ, 96ಕ್ಕೆ ಏರಿಸಿದರೆ ಅದು 4ಕ್ಕೆ ಇಳಿಯುತ್ತದೆ. ಹೀಗೆ ಜೋಡಿಸಿದಾಗ ಎರಡರಲ್ಲಿ ಒಂದನ್ನು ಕ್ಲಾಕ್‌ನ (ಎರಡನ್ನೂ ಒಂದೇ ತಾಳದಲ್ಲಿಡುವ ಗಡಿಯಾರದ) ಯಜಮಾನನನ್ನಾಗಿಯೂ ಇನ್ನೊಂದನ್ನು ಅದನ್ನು ಹಿಂಬಾಲಿಸುವಂತೆಯೂ ಹೊಂದಿಸಬೇಕು. ಆಗಾಗ ಟಿಕ್ ಟಿಕ್ ಎಂಬ ಸದ್ದು ಬಂದರೆ ಈ ಹೊಂದಾಣಿಕೆ ತಪ್ಪಿದೆ ಎಂದೇ ಮೊದಲು ತಿಳಿಯಿರಿ.

ಮೂರನೆಯವರು ಎರಡನ್ನೂ ಬಯಸುವವರು: ಕೈಯಲ್ಲಿ ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ) ಇರಬೇಕು, ಪ್ರತಿ ಚಾನೆಲ್ಲೂ ಬೇರೆ ಟ್ರ್ಯಾಕ್ ಆಗಿ ಉಳಿಯಬೇಕು. ಇವರಿಗೆ ಮಲ್ಟಿಟ್ರ್ಯಾಕ್ ಮಿಕ್ಸರ್‌ಗಳಿವೆ. ಟಾಸ್ಕ್ಯಾಮ್ ಮಾಡೆಲ್ 24, ಝೂಮ್ ಎಲ್-20, ಸೌಂಡ್‌ಕ್ರಾಫ್ಟ್ ಸಿಗ್ನೇಚರ್ 12 ಎಂಟಿಕೆ, ಬೆರಿಂಜರ್ ಎಕ್ಸ್‌ಆರ್18 ಈ ಜಾತಿಯವು. ಮಾಡೆಲ್ 24 ಮತ್ತು ಎಲ್-20 ಎರಡೂ ಕಂಪ್ಯೂಟರ್ ಇಲ್ಲದೆಯೇ ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡುತ್ತವೆ. ಕರೆಂಟು ಬಂದು ಹೋಗುವ ಊರಿನಲ್ಲಿ ಲ್ಯಾಪ್‌ಟಾಪ್, ಇಂಟರ್‌ಫೇಸ್, ಮಿಕ್ಸರ್ ಮೂರನ್ನೂ ಕಾಯುವುದಕ್ಕಿಂತ ಒಂದನ್ನು ಕಾಯುವುದು ಸುಲಭ. ಎಕ್ಸ್‌ಆರ್18ಕ್ಕೆ ಫೇಡರ್‌ಗಳೇ ಇಲ್ಲ, ಎಲ್ಲವೂ ಟ್ಯಾಬ್ಲೆಟ್ ಅಥವಾ ಕಂಪ್ಯೂಟರಿನ ಪರದೆಯಲ್ಲಿ. ಒಂದು ಕೈ ಫಿಲ್ಟರ್ ತಿರುಪಿನ ಮೇಲಿರುವಾಗ ಇನ್ನೊಂದು ಕೈ ಗಾಜಿನ ಮೇಲೆ ಫೇಡರ್ ಹುಡುಕುವುದು ನನಗಂತೂ ಒಗ್ಗಲಿಲ್ಲ. ಕೊಳ್ಳುವ ಮೊದಲು ಯಾರ ಮನೆಯಲ್ಲಾದರೂ ಒಂದು ಗಂಟೆ ಅದರೊಂದಿಗೆ ಕೆಲಸ ಮಾಡಿ ನೋಡಿ.

ಹಂತ 3: ಡಬ್ಬದ ಮೇಲಿನ ಸಂಖ್ಯೆಗಳನ್ನು ಬಿಡಿಸಿ ಓದಿ

ನನ್ನ ಮೊದಲ ಮಿಕ್ಸರಿನ ಡಬ್ಬದ ಮೇಲೆ ಹದಿನಾರು ಚಾನೆಲ್ ಎಂದೂ ಯುಎಸ್‌ಬಿ ಎಂದೂ ದೊಡ್ಡದಾಗಿ ಬರೆದಿತ್ತು. ಹದಿನಾರೂ ಚಾನೆಲ್ ಬೇರೆಬೇರೆಯಾಗಿ ಕಂಪ್ಯೂಟರಿಗೆ ಹೋಗುತ್ತವೆ ಎಂದು ಭಾವಿಸಿ ಕೊಂಡೆ. ತಂತಿಗಳನ್ನೆಲ್ಲ ಎಳೆದು, ಹೆಸರು ಬರೆದು ಅಂಟಿಸಿ, ಕೊನೆಗೆ ಕಂಪ್ಯೂಟರಿನಲ್ಲಿ ಇನ್‌ಪುಟ್ ಪಟ್ಟಿ ತೆರೆದಾಗ ಕಂಡದ್ದು ಎರಡೇ ಹೆಸರು, ಎಡ ಮತ್ತು ಬಲ. ಆ ಇಡೀ ವಾರ ನಾನು ಅದರ ಹತ್ತಿರ ಹೋಗಲಿಲ್ಲ.

ಆದ್ದರಿಂದ ‘ಯುಎಸ್‌ಬಿ ಇದೆಯೇ’ ಎಂದು ಕೇಳಬೇಡಿ, ‘ಯುಎಸ್‌ಬಿಯಲ್ಲಿ ಎಷ್ಟು ಚಾನೆಲ್ ಒಳಗೆ, ಎಷ್ಟು ಹೊರಗೆ’ ಎಂದು ಕೇಳಿ. ಯಮಾಹಾ ಎಂಜಿ10ಎಕ್ಸ್‌ಯುನಲ್ಲಿ ಅದು 2 ಮತ್ತು 2. ಎಕ್ಸ್‌ಆರ್18ರಲ್ಲಿ 18 ಮತ್ತು 18. ಎರಡೂ ತಮ್ಮ ಕೆಲಸಕ್ಕೆ ಸರಿಯಾದ ಉಪಕರಣಗಳೇ, ಆದರೆ ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ.

ಚಾನೆಲ್ ಸಂಖ್ಯೆಯನ್ನೂ ಹೀಗೆಯೇ ಬಿಡಿಸಬೇಕು. ಯಮಾಹಾ ಎಂಜಿ16ಎಕ್ಸ್‌ಯುನ 16 ಎಂದರೆ 8 ಮೋನೊ ಚಾನೆಲ್ ಮತ್ತು 4 ಸ್ಟೀರಿಯೊ ಜೋಡಿ. ಜೋಡಿಗೆ ಒಂದೇ ಫೇಡರ್, ಒಂದೇ ಈಕ್ಯೂ. ಆ ಜೋಡಿಯ ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಮೋನೊ ಸಿಂಥ್‌ಗಳನ್ನು ಹಾಕಿದರೆ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ನಿಮ್ಮ ಮೊದಲ ಹಂತದ ಪಟ್ಟಿಯಲ್ಲಿ ಎಷ್ಟು ಮೋನೊ, ಎಷ್ಟು ಸ್ಟೀರಿಯೊ ಇವೆಯೋ ಅದೇ ಪ್ರಮಾಣದ ಮಿಕ್ಸರನ್ನು ಹುಡುಕಿ. ಸಿಂಥ್ ಹೆಚ್ಚಿರುವ ಕೋಣೆಗೆ ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪ್‌ಗಳು ಒಂದೆರಡು ಸಾಕು. ಬಳಸದ ಪ್ರೀಆಂಪ್‌ಗಳಿಗೆ ಕೊಡುವ ಹಣ ಸ್ಟೀರಿಯೊ ಲೈನ್ ಇನ್‌ಪುಟ್‌ಗಳಿಗೆ ಹೋಗಲಿ. ಬೆರಿಂಜರ್ ಎಕ್ಸ್32ರ 32 ಮುಖ್ಯ ಇನ್‌ಪುಟ್‌ಗಳೂ ಎಕ್ಸ್‌ಎಲ್‌ಆರ್ (ಮೈಕ್‌ಗೆ ಬಳಸುವ ಮೂರು ಪಿನ್ನಿನ ಜೋಡಣೆ) ಆದ್ದರಿಂದ, ಅದನ್ನು ಆರಿಸುವವರು ಪ್ರತಿ ಸಿಂಥ್‌ಗೂ ಬೇರೆ ಬಗೆಯ ತಂತಿಯ ಖರ್ಚನ್ನು ಮೊದಲೇ ಸೇರಿಸಿಕೊಳ್ಳಬೇಕು.

ಚಾನೆಲ್ಲಿನ ದನಿಯ ಒಂದು ಪಾಲನ್ನು ಹೊರಗಿನ ಪೆಟ್ಟಿಗೆಗೆ ಕಳಿಸುವ ಆಕ್ಸ್ ಸೆಂಡ್ ಎಷ್ಟಿವೆ ಎಂದು ನೋಡುವುದನ್ನು ಮರೆಯಬೇಡಿ. ರಿವರ್ಬ್‌ಗೊಂದು, ಡಿಲೇಗೊಂದು ಎಂದರೂ ಎರಡು ಬೇಕು, ಮತ್ತು ಅವು ಫೇಡರಿನ ನಂತರದ ಸೆಂಡ್ ಆಗಿರಬೇಕು. ಫೇಡರಿಗಿಂತ ಮೊದಲಿನ ಸೆಂಡ್ ಆಗಿದ್ದರೆ ನೀವು ಸಿಂಥನ್ನು ಪೂರ್ತಿ ಇಳಿಸಿದರೂ ಅದರ ರಿವರ್ಬ್ ಮಾತ್ರ ಕೇಳುತ್ತಲೇ ಇರುತ್ತದೆ.

ಹಂತ 4: ಮಟ್ಟ ಮತ್ತು ತಂತಿ

ಸಿಂಥ್‌ಗಳಿಂದ ಬರುವುದು ಲೈನ್ ಮಟ್ಟದ ಸಂಕೇತ, ಆದರೆ ಎಲ್ಲವೂ ಒಂದೇ ಎತ್ತರದಲ್ಲಿರುವುದಿಲ್ಲ. ವೃತ್ತಿಪರ ಮಟ್ಟವೆಂದು ಕರೆಯುವ +4 ಡಿಬಿಯು ಎಂದರೆ ಸುಮಾರು 1.23 ವೋಲ್ಟ್, ಮನೆಬಳಕೆಯ -10 ಡಿಬಿವಿ ಎಂದರೆ ಸುಮಾರು 0.32 ವೋಲ್ಟ್. ಇವೆರಡರ ನಡುವೆ ಹತ್ತಿರಹತ್ತಿರ 12 ಡೆಸಿಬಲ್ ಅಂತರವಿದೆ. ಯೂರೋರ‍್ಯಾಕ್ ಮಾಡ್ಯುಲರ್ ಸಂಕೇತ ತುದಿಯಿಂದ ತುದಿಗೆ 10 ವೋಲ್ಟ್ ಮುಟ್ಟುವುದರಿಂದ ಅದನ್ನು ತಗ್ಗಿಸುವ ಔಟ್‌ಪುಟ್ ಮಾಡ್ಯೂಲ್ ಇಲ್ಲದೆ ಮಿಕ್ಸರಿಗೆ ಕೊಡಬಾರದು. ನಿಮ್ಮ ಮಿಕ್ಸರಿನ ಪ್ರತಿ ಚಾನೆಲ್ಲಿಗೂ ಒಳಬರುವ ಮಟ್ಟವನ್ನು ಹೊಂದಿಸುವ ಗೇನ್ ತಿರುಪು ಇದೆಯೇ ಎಂದು ಈ ಕಾರಣಕ್ಕಾಗಿಯೇ ನೋಡಬೇಕು. ಅಗ್ಗದ ಮಿಕ್ಸರ್‌ಗಳ ಸ್ಟೀರಿಯೊ ಚಾನೆಲ್‌ಗಳಲ್ಲಿ ಮೊದಲು ಕೈಬಿಡುವುದು ಅದನ್ನೇ.

ಈಗ ನಾನು ಅತಿ ಹೆಚ್ಚು ಸಲ ಕಂಡಿರುವ ತಪ್ಪು. ತೀರ್ಥಹಳ್ಳಿ ಕಡೆಯ ಒಂದು ಹಂಚಿನ ಮನೆಯ ಉಪ್ಪರಿಗೆಯಲ್ಲಿ, ಹೊಸ ಮಿಕ್ಸರಿನ ಮುಂದೆ ಒಬ್ಬ ಗೆಳೆಯ ವೋಲ್ಕಾ ಕೀಸ್ ಇಟ್ಟುಕೊಂಡು ಕುಳಿತಿದ್ದ. ವೋಲ್ಕಾದ ದೀಪಗಳು ಓಡುತ್ತಿದ್ದವು, ಹೆಡ್‌ಫೋನ್ ಹಾಕಿದರೆ ದನಿ ತುಂಬಿ ಬರುತ್ತಿತ್ತು, ಆದರೆ ಮಿಕ್ಸರಿನಲ್ಲಿ ಬಾವಿಯೊಳಗಿಂದ ಬಂದಂಥ ಒಂದು ಪಿಸುದನಿ ಮಾತ್ರ. ಪ್ಲಗ್ಗನ್ನು ಅರ್ಧ ಹೊರಗೆ ಎಳೆದಾಗ ಇದ್ದಕ್ಕಿದ್ದಂತೆ ಪೂರ್ತಿ ದನಿ ಬಂತು. ಒಳಗೆ ದೂಡಿದ ಕೂಡಲೇ ಮತ್ತೆ ಹೋಯಿತು. ಜ್ಯಾಕ್ ಕೆಟ್ಟಿದೆ, ಮಿಕ್ಸರನ್ನು ವಾಪಸು ಕಳಿಸುತ್ತೇನೆ ಎಂದು ಅವನು ಡಬ್ಬ ಹುಡುಕತೊಡಗಿದ್ದ.

ಜ್ಯಾಕ್ ಕೆಟ್ಟಿರಲಿಲ್ಲ. ವೋಲ್ಕಾದ ಔಟ್‌ಪುಟ್ 3.5 ಮಿಲಿಮೀಟರಿನ ಹೆಡ್‌ಫೋನ್ ಜ್ಯಾಕ್; ಎಡಕ್ಕೂ ಬಲಕ್ಕೂ ಒಂದೇ ದನಿ ಬರುತ್ತದೆ. ಅದನ್ನು ಮೂರು ಸಂಪರ್ಕವಿರುವ ಟಿಆರ್‌ಎಸ್ ತಂತಿಯಿಂದ ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಕೊಟ್ಟರೆ, ಆ ಇನ್‌ಪುಟ್ ಎರಡು ಸಂಕೇತಗಳ ವ್ಯತ್ಯಾಸವನ್ನು ಮಾತ್ರ ಒಳಗೆ ಬಿಡುತ್ತದೆ. ಎರಡೂ ಒಂದೇ ಆಗಿರುವಾಗ ವ್ಯತ್ಯಾಸ ಸೊನ್ನೆ. ಇದಕ್ಕೆ ಪರಿಹಾರ ಒಂದು ತುದಿಯಲ್ಲಿ 3.5 ಮಿಲಿಮೀಟರ್ ಸ್ಟೀರಿಯೊ ಪ್ಲಗ್, ಇನ್ನೊಂದು ತುದಿಯಲ್ಲಿ ಎರಡು ಬೇರೆ ಮೋನೊ ಪ್ಲಗ್ ಇರುವ ಕವಲು ತಂತಿ. ಆ ಎರಡರಲ್ಲಿ ಒಂದನ್ನು ಮಾತ್ರ ಮೋನೊ ಚಾನೆಲ್ಲಿಗೆ ಹಾಕಿದರೆ ಸಾಕು. ಪ್ಲಗ್ ಅರ್ಧ ಎಳೆದಾಗ ದನಿ ಬರುವುದು ಈ ತಪ್ಪಿನ ಖಚಿತ ಗುರುತು.

ಇದರ ತಿರುವು ತಪ್ಪೂ ಇದೆ: ಚಾನೆಲ್ ಉಳಿಸಲು ಎರಡು ಸಿಂಥ್‌ಗಳ ಔಟ್‌ಪುಟ್‌ಗಳನ್ನು ಕವಲು ತಂತಿಯಿಂದ ಒಂದೇ ಇನ್‌ಪುಟ್‌ಗೆ ಸೇರಿಸುವುದು. ಒಂದು ಔಟ್‌ಪುಟ್ಟನ್ನು ಎರಡು ಕಡೆಗೆ ಹಂಚಬಹುದು, ಎರಡು ಔಟ್‌ಪುಟ್‌ಗಳನ್ನು ಹಾಗೆ ನೇರವಾಗಿ ಒಂದುಗೂಡಿಸಬಾರದು. ಅವು ಒಂದರ ಮೇಲೊಂದು ಹೊರೆ ಹೇರಿ ದನಿ ಕುಗ್ಗುತ್ತದೆ, ಒಡೆಯುತ್ತದೆ.

ತಂತಿ ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ. ಬ್ಯಾಲೆನ್ಸ್ ಇಲ್ಲದ (ಎರಡೇ ಸಂಪರ್ಕವಿರುವ) ತಂತಿಯನ್ನು 5 ಮೀಟರಿನೊಳಗೆ ಇಟ್ಟುಕೊಂಡರೆ ಹಮ್ (ವಿದ್ಯುತ್ತಿನ ಗುಂಯ್ ಸದ್ದು) ಕಡಿಮೆ. ಕೆಲವು ಮೈಕ್‌ಗಳಿಗೆ ಬೇಕಾದ 48 ವೋಲ್ಟನ್ನು ತಂತಿಯಲ್ಲೇ ಕಳಿಸುವ ಫ್ಯಾಂಟಮ್ ಗುಂಡಿ ಆಫ್ ಆಗಿಯೇ ಇರಲಿ; ಕೆಲವು ಮಿಕ್ಸರ್‌ಗಳಲ್ಲಿ ಅದು ಎಲ್ಲ ಎಕ್ಸ್‌ಎಲ್‌ಆರ್ ಇನ್‌ಪುಟ್‌ಗಳಿಗೂ ಒಟ್ಟಿಗೆ ಹೋಗುವುದರಿಂದ ಅಲ್ಲಿ ಸಿಂಥ್ ಇದ್ದರೆ ಹಾನಿಯಾಗಬಹುದು. ಇಲ್ಲಿ ಒಳ್ಳೆಯ ಪ್ಲಗ್ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಪ್ಲಗ್ ಮತ್ತು ತಂತಿಯನ್ನು ಬಿಡಿಬಿಡಿಯಾಗಿ ತಂದು ಬೆಸುಗೆ ಹಾಕಿಕೊಳ್ಳುವುದು ಸಿದ್ಧ ತಂತಿಗಿಂತ ಬಹಳ ದಿನ ಬಾಳುತ್ತದೆ.

ಹಂತ 5: ಪ್ಯಾಚ್‌ಬೇ ಬೇಕೇ?

ಒಟ್ಟಿಗೆ ನುಡಿಸುವ ವಾದ್ಯಗಳಿಗಿಂತ ಮನೆಯಲ್ಲಿರುವ ವಾದ್ಯಗಳು ಹೆಚ್ಚಾಗಿದ್ದರೆ ದೊಡ್ಡ ಮಿಕ್ಸರಿನ ಬದಲು 48 ಜ್ಯಾಕ್‌ನ ಒಂದು ಪ್ಯಾಚ್‌ಬೇ, ಅಂದರೆ ಎಲ್ಲ ತಂತಿಗಳನ್ನೂ ಒಂದೆಡೆ ತಂದು ಬೇಕಾದಂತೆ ಜೋಡಿಸುವ ಫಲಕ, ಕೊಳ್ಳುವುದು ಜಾಣತನ. ಮೇಲಿನ ಸಾಲಿನ ಹಿಂಬದಿಗೆ ಸಿಂಥ್‌ಗಳ ಔಟ್‌ಪುಟ್, ಕೆಳಗಿನ ಸಾಲಿನ ಹಿಂಬದಿಗೆ ಮಿಕ್ಸರಿನ ಇನ್‌ಪುಟ್. ಹಾಫ್-ನಾರ್ಮಲ್ ಎಂಬ ಬಗೆಯಲ್ಲಿ ಹೊಂದಿಸಿದರೆ ಮುಂದೆ ತಂತಿ ಹಾಕದಿದ್ದಾಗ ಮೇಲಿನದು ಕೆಳಗಿನದಕ್ಕೆ ತಾನಾಗಿಯೇ ಹೋಗುತ್ತದೆ. ಬೆರಿಂಜರ್ ಪಿಎಕ್ಸ್3000ದಲ್ಲಿ ಇದನ್ನು ಮೇಲಿನ ಸ್ವಿಚ್‌ನಿಂದಲೇ ಬದಲಿಸಬಹುದು. ಪ್ಯಾಚ್‌ಬೇ ಎಂದರೆ ತಂತಿಗಳ ಸಂಖ್ಯೆ ಎರಡರಷ್ಟಾಗುತ್ತದೆ ಎಂಬುದನ್ನು ಬಜೆಟ್ಟಿನಲ್ಲಿ ಸೇರಿಸಿ.

ಹಂತ 6: ವಿದ್ಯುತ್ತು, ಅರ್ಥಿಂಗ್, ಹಮ್

ಮಲೆನಾಡಿನ ಹಳೆಯ ಮನೆಗಳಲ್ಲಿ ಸ್ಟುಡಿಯೊ ಕೆಡುವುದು ಹೆಚ್ಚಾಗಿ ಇಲ್ಲಿ. ಮಾಳಿಗೆಯ ಕೋಣೆಯಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಅದರ ಹಿಂದೆ ಅರ್ಥ್ ತಂತಿಯೇ ಇಲ್ಲದಿರುವುದನ್ನು ನಾನು ಕಂಡಿದ್ದೇನೆ. ಮಿಕ್ಸರ್ ಬರುವ ಮೊದಲೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಇರುವ ವೋಲ್ಟೇಜನ್ನು ಅಳೆಸಿ. ಮೊದಲನೆಯದು 230ರ ಹತ್ತಿರ ಇರಬೇಕು, ಎರಡನೆಯದು ಸೊನ್ನೆಯ ಹತ್ತಿರ. ಬೇಸಿಗೆಯ ಕೊನೆಯಲ್ಲಿ ಅರ್ಥ್ ಗುಂಡಿ ಒಣಗಿರುವಾಗ ಅಳೆದರೆ ನಿಜವಾದ ಸ್ಥಿತಿ ತಿಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಸಿಂಥ್ ತರಿಸುವವರು ಹಿಂಬದಿಯ ಚೀಟಿಯನ್ನು ಓದದೆ ಪ್ಲಗ್ ಹಾಕಬಾರದು. ಜಪಾನಿನದು 100 ವೋಲ್ಟ್, ಅಮೆರಿಕದ್ದು 120 ವೋಲ್ಟ್. ನಮ್ಮ 230ಕ್ಕೆ ನೇರವಾಗಿ ಹಾಕಿದರೆ ಕ್ಷಣದಲ್ಲಿ ಸುಡುತ್ತದೆ, ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇಬೇಕು. ಚಿಕ್ಕ ಅಡಾಪ್ಟರುಗಳಲ್ಲೂ ಎಚ್ಚರ: ವೋಲ್ಕಾದ 9 ವೋಲ್ಟ್ ಅಡಾಪ್ಟರಿನಲ್ಲಿ ನಡುವಿನ ಕಡ್ಡಿ ಧನ, ಬಾಸ್ ಕಂಪನಿಯ ಪೆಡಲುಗಳಲ್ಲಿ ಅದೇ ಕಡ್ಡಿ ಋಣ. ಎರಡೂ 9 ವೋಲ್ಟೇ. ಪ್ರತಿ ಅಡಾಪ್ಟರಿಗೂ ವಾದ್ಯದ ಹೆಸರು ಬರೆದು ಅಂಟಿಸಿ.

ಹಮ್ ಬಂದರೆ ಹುಡುಕುವ ಕ್ರಮ ಹೀಗೆ. ಎಲ್ಲ ಆಡಿಯೊ ತಂತಿಗಳನ್ನೂ ಮಿಕ್ಸರಿನಿಂದ ಕಿತ್ತು, ಸ್ಪೀಕರ್ ಮಾತ್ರ ಉಳಿಸಿ ಕೇಳಿ. ಸದ್ದಿಲ್ಲದಿದ್ದರೆ ಒಂದೊಂದೇ ತಂತಿ ಹಾಕುತ್ತ ಹೋಗಿ. ಯಾವುದನ್ನು ಹಾಕಿದಾಗ ಗುಂಯ್ ಎಂಬ ತಗ್ಗಿನ ಸದ್ದು ಹುಟ್ಟುತ್ತದೋ ಅದೇ ಅರ್ಥ್ ಲೂಪಿನ (ಎರಡು ಅರ್ಥ್ ದಾರಿಗಳು ಸೇರಿ ಆಗುವ ಸುತ್ತಿನ) ದಾರಿ. ಮೌಸ್ ಅಲುಗಾಡಿಸಿದಾಗ ಬದಲಾಗುವ ಕೀರಲು ಸದ್ದಾದರೆ ಅದು ಯುಎಸ್‌ಬಿ ತಂತಿಯಿಂದ ಬರುತ್ತಿದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ನಿಂತರೆ ಖಾತ್ರಿಯಾಯಿತು. ಎಲ್ಲವನ್ನೂ ಒಂದೇ ಗೋಡೆ ಸಾಕೆಟ್ಟಿನಿಂದ ಕೊಡುವುದು ಮೊದಲ ಪರಿಹಾರ. ಅದರಿಂದ ಹೋಗದಿದ್ದರೆ ಆ ಒಂದು ವಾದ್ಯಕ್ಕೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಪೆಟ್ಟಿಗೆ ಅಥವಾ ಐಸೊಲೇಟರ್ (ದನಿಯನ್ನು ಸಾಗಿಸುತ್ತಲೇ ಆಡಿಯೊ ತಂತಿಯಲ್ಲಿನ ಆ ಸುತ್ತನ್ನು ಕಡಿಯುವ ಪೆಟ್ಟಿಗೆ) ಹಾಕಿ. ಅರ್ಥ್ ಪಿನ್ ಕತ್ತರಿಸಿದರೆ ಹಮ್ ಹೋಗುತ್ತದೆ ಎಂದು ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಒಳಗೆ ಫೇಸ್ ತಂತಿ ಸಡಿಲವಾಗಿ ಲೋಹದ ಮೈಗೆ ತಗುಲಿದ ದಿನ ಆ ಪಿನ್ ಒಂದೇ ನಿಮ್ಮ ಜೀವ ಉಳಿಸುವುದು.

ಇನ್ವರ್ಟರಿನ ಮೇಲೆ ಓಡಿಸುವವರು ಅದು ಸೈನ್ ವೇವ್ ಇನ್ವರ್ಟರ್ ಆಗಿದೆಯೇ ಎಂದು ನೋಡಬೇಕು. ಸ್ಕ್ವೇರ್ ವೇವ್ ಇನ್ವರ್ಟರ್ ಫ್ಯಾನಿಗೆ ನಡೆಯಬಹುದು, ಮಿಕ್ಸರಿನಲ್ಲಿ ಮಾತ್ರ ಅದು ಬಿಡದ ಜುಂಯ್ ಸದ್ದಾಗಿ ಕೇಳಿಸುತ್ತದೆ. ಭರಣಿ, ಕೃತ್ತಿಕೆಯ ಗುಡುಗು ಮಳೆಯಲ್ಲಿಯೂ ಚಿತ್ತೆ, ಸ್ವಾತಿಯ ಸಂಜೆಗಳಲ್ಲಿಯೂ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಕಿತ್ತಿಡಬೇಕು.

ಹಂತ 7: ಬಂದ ವಾರದಲ್ಲೇ ಪರೀಕ್ಷೆ

ವಾಪಸು ಕಳಿಸುವ ಅವಧಿ ಮುಗಿಯುವ ಮೊದಲು ಒಂದೇ ಸಿಂಥ್, ಒಂದೇ ತಂತಿ ಹಿಡಿದು ಪ್ರತಿ ಇನ್‌ಪುಟ್ಟಿಗೂ ಹಾಕಿ ಕೇಳಿ. ಫೇಡರ್, ಪ್ಯಾನ್ (ದನಿಯನ್ನು ಎಡ-ಬಲಕ್ಕೆ ಸರಿಸುವ ತಿರುಪು), ಸೆಂಡ್ ಎಲ್ಲವನ್ನೂ ತಿರುಗಿಸಿ ನೋಡಿ. ಮೊದಲು ಸಿಂಥ್, ಆಮೇಲೆ ಮಿಕ್ಸರ್, ಕೊನೆಯಲ್ಲಿ ಸ್ಪೀಕರ್ ಹಚ್ಚಿ. ಆರಿಸುವಾಗ ಸ್ಪೀಕರ್ ಮೊದಲು.

ಗೇನ್ ಇಡುವಾಗ ಸಿಂಥ್‌ನ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಅದರ ಅತಿ ಜೋರಿನ ದನಿಯನ್ನು ಫಿಲ್ಟರಿನ ರೆಸೊನೆನ್ಸ್ (ದನಿಯ ಒಂದು ಭಾಗವನ್ನು ಎತ್ತಿ ಕೇಳಿಸುವ ತಿರುಪು) ಏರಿಸಿ ನುಡಿಸಿ. ಅನಲಾಗ್ ಮಿಕ್ಸರಿನಲ್ಲಿ ಸೂಚಿ 0ಯ ಆಸುಪಾಸಿನಲ್ಲಿರಲಿ. ಕಂಪ್ಯೂಟರಿನಲ್ಲಿ ಸರಾಸರಿ -18 ಡೆಸಿಬಲ್‌ನ ಹತ್ತಿರ, ಏರಿದಾಗ -10 ದಾಟದಂತೆ ಇರಲಿ. ಒಂದೊಂದು ಚಾನೆಲ್ಲೂ ಸರಿಯಿದ್ದು ಮುಖ್ಯ ಔಟ್‌ಪುಟ್ ಮಾತ್ರ ಕೆಂಪಾಗುವುದು ಸಿಂಥ್ ಹೆಚ್ಚಿರುವ ಕೋಣೆಯ ಸಹಜ ತೊಂದರೆ, ಏಕೆಂದರೆ ಒಂದೇ ಮಟ್ಟದ 16 ಬೇರೆಬೇರೆ ದನಿಗಳು ಸೇರಿದರೆ ಒಟ್ಟು ಸುಮಾರು 12 ಡೆಸಿಬಲ್ ಏರುತ್ತದೆ. ಮುಖ್ಯ ಫೇಡರನ್ನು ಎಳೆದು ಮುಚ್ಚಿಡದೆ ಎಲ್ಲ ಚಾನೆಲ್ ಫೇಡರ್‌ಗಳನ್ನೂ ಸಮನಾಗಿ ಇಳಿಸಿ. ಗದ್ದಲವೂ ಇದೇ ಲೆಕ್ಕದಲ್ಲಿ ಕೂಡುವುದರಿಂದ ನುಡಿಯದ ಚಾನೆಲ್‌ಗಳನ್ನು ಮ್ಯೂಟ್ ಮಾಡುವ ಅಭ್ಯಾಸ ಇರಲಿ.

ಹಂತ 8: ಆರಿದ್ರಾ ಮಳೆ ಹಿಡಿಯುವ ಮೊದಲು

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆ ಬೆವರುವುದು ಎಲ್ಲ ಕಡೆಗೂ ಇದ್ದದ್ದೇ. ಫೇಡರ್ ಸರಿಸಿದಾಗ ಕರಕರ ಎನ್ನುವುದು, ಒಂದು ಕಡೆಯ ದನಿ ಬಿಟ್ಟುಬಿಟ್ಟು ಬರುವುದು ಮೊದಲ ಸೂಚನೆಗಳು. ಕರಕರ ಕೇಳಿದ ಕೂಡಲೇ ಸ್ಪೀಕರ್ ಆರಿಸಿ ಆ ಫೇಡರನ್ನು ತುದಿಯಿಂದ ತುದಿಗೆ ಮೂವತ್ತು ಸಲ ಸರಿಸಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ ಫೇಡರ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಬಳಸಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಒಳಗಿನ ಗ್ರೀಸ್ ತೊಳೆದುಹೋಗಿ ಫೇಡರ್ ಶಾಶ್ವತವಾಗಿ ಕೆಡುತ್ತದೆ.

ಮಿಕ್ಸರನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಡಿ, ಅದರೊಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ದಪ್ಪ ಹತ್ತಿಯ ಪಂಚೆಯೋ ಹಳೆಯ ಬೆಡ್‌ಶೀಟೋ ಸಾಕು. ಹೊರಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ಇಡಿ, ಸಿಂಥ್‌ಗಳ ಪೆಟ್ಟಿಗೆಗಳಲ್ಲಿ ಸಿಲಿಕಾ ಜೆಲ್ ಹಾಕಿ, ಮತ್ತು ಮಳೆಗಾಲದುದ್ದಕ್ಕೂ ಎರಡು-ಮೂರು ದಿನಕ್ಕೊಮ್ಮೆ ನುಡಿಸುವುದಿಲ್ಲವಾದರೂ ಎಲ್ಲವನ್ನೂ ಒಂದು ಗಂಟೆ ಹಚ್ಚಿಡಿ. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಹಾಗೆ ಹಚ್ಚಿಟ್ಟ ಹೊತ್ತಿನಲ್ಲಿ ಪ್ಯಾಚ್‌ಬೇಯ ಪ್ರತಿ ಪ್ಲಗ್ಗನ್ನೂ ಒಮ್ಮೆ ಕಿತ್ತು ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ.